ಹೆಂಡತಿಯ ಕೈಗೆ ಒಪ್ಪಿದ ಗಾಳದ ಕೋಲು

ಮೊದಲ ಗಾಳದ ಕೋಲನ್ನು ನಾನು ಉದ್ದ ನೋಡಿ ಕೊಂಡೆ. ಹತ್ತು ಅಡಿ ಇತ್ತು. ದಡದಲ್ಲಿ ನಿಂತು ದೂರಕ್ಕೆ ಎಸೆಯುವವರಿಗಾಗಿ ಮಾಡಿದ ಕೋಲು ಅದು. ಪಾಂಡವಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ನಾನು. ಸನ್ನೆಕೋಲಿನ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಆದರೂ ಕೋಲು ಉದ್ದವಾದಷ್ಟೂ ಮೀನಿನ ಭಾರ ಹಿಡಿದವರ ಕೈಗೇ ಹೆಚ್ಚಾಗಿ ಬೀಳುತ್ತದೆ ಎಂಬುದು ಅಂಗಡಿಯಲ್ಲಿ ನನಗೆ ಹೊಳೆಯಲಿಲ್ಲ.

ಕಯಾಕು ಸಿಕ್ಕಿದ್ದು ಬೆಳಗೊಳದ ಕಡೆ ಮುಚ್ಚಿಹೋದ ಒಂದು ರೆಸಾರ್ಟಿನಿಂದ. ಇಬ್ಬರು ಹಿಂದೆ ಮುಂದೆ ಕಾಲು ಚಾಚಿ ಕೂರುವ, ಹಳದಿ ಪ್ಲಾಸ್ಟಿಕ್ಕಿನ ಕಿರಿದಾದ ದೋಣಿ. ನನ್ನ ಹೆಂಡತಿ ಟೈಲರ್. ಹಿಂದಿನ ವರ್ಷ ಸ್ಕೂಟರಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಮೂಳೆ ಕೂಡಿತ್ತು, ಆದರೆ ಮಿಷನ್ನಿನ ಮುಂದೆ ಒಂದು ಗಂಟೆ ಕೂತರೆ ನೋವು ಬರುತ್ತಿತ್ತು. ಮನೆಯಲ್ಲಿ ಬೇಜಾರೆಂದು ಭಾನುವಾರ ನನ್ನ ಜೊತೆ ಕೆರೆಗೆ ಹೊರಡುತ್ತಿದ್ದಳು. ಕೆರೆಯ ಮೀನಿನ ಗುತ್ತಿಗೆ ಹಿಡಿದವರು, "ಬಲೆ ಆಕ್ಬ್ಯಾಡಿ, ಗಾಳ ಆದ್ರೆ ಬನ್ನಿ ಮೇಷ್ಟ್ರೇ" ಎಂದಿದ್ದರು.

ನಾವು ಹಿಡಿಯಹೊರಟಿದ್ದು ಬಾಳೆಮೀನನ್ನು. ದೋಣಿಯ ಹಿಂದೆ ಉದ್ದಕ್ಕೆ ದಾರ ಬಿಟ್ಟು, ತುದಿಗೆ ಪ್ಲಾಸ್ಟಿಕ್ ಮೀನು ಕಟ್ಟಿ, ನಿಧಾನವಾಗಿ ಹುಟ್ಟು ಹಾಕುತ್ತಾ ಹೋಗಬೇಕು. ಬಾಳೆಮೀನು ಅದನ್ನು ನಿಜವಾದ ಮೀನೆಂದು ಅಟ್ಟಿಸಿಕೊಂಡು ಬರುತ್ತದೆ. ಇದಕ್ಕೆ ಟ್ರೋಲಿಂಗ್ ಅನ್ನುತ್ತಾರೆ.

ನಾನು ಹಿಂದಿನ ಸೀಟಿನಲ್ಲಿ ಕೂತು, ಕೋಲನ್ನು ಮೊಣಕಾಲ ಸಂದಿಯಲ್ಲಿ ಸಿಕ್ಕಿಸಿಕೊಂಡು ಹುಟ್ಟು ಹಾಕುತ್ತಿದ್ದೆ. ಮೂರನೆಯ ಭಾನುವಾರ ಕೋಲು ಬಾಗಿತು. ರೀಲು ಸುತ್ತಿ ಮೀನನ್ನು ಹತ್ತಿರ ತಂದೆ. ಆದರೆ ಕೋಲು ಅಷ್ಟುದ್ದ ಇದ್ದದ್ದರಿಂದ ದಾರ ಎಲ್ಲೋ ಆಚೆ ನೇತಾಡುತ್ತಿತ್ತು, ಕೈಗೆ ಎಟುಕಲಿಲ್ಲ. ಅರ್ಧ ಎದ್ದು ಬಗ್ಗಿದೆ. ಕಯಾಕು ಮಗುಚಿತು.

ಎದೆಮಟ್ಟದ ನೀರು, ಇಬ್ಬರಿಗೂ ಲೈಫ್ ಜಾಕೆಟ್ಟಿತ್ತು. ಕೋಲು ಮುಳುಗಿಹೋಯಿತು. ಅವಳು ಮಣಿಕಟ್ಟನ್ನು ಎತ್ತಿ ಹಿಡಿದುಕೊಂಡು ದಡಕ್ಕೆ ನಡೆದಳು. ಮನೆಗೆ ಬಂದು ತಲೆ ಒರೆಸಿಕೊಳ್ಳುತ್ತಾ ಹೇಳಿದಳು: "ಇನ್ಮ್ಯಾಕೆ ಕೋಲು ನನ್ ಕೈಲಿರ್ಲಿ. ನೀವು ಮುಂದೆ ಕುಂತು ಉಟ್ಟಾಕಿ."

"ನಿನ್ ಕೈ ತಡಿಯಲ್ಲ ಕಣೆ."

"ತಡಿಯೋ ಅಂಥ ಕೋಲ್ ತರಾನ ಬುಡಿ."

ಹೀಗೆ ಇಬ್ಬರೂ ಶ್ರೀರಂಗಪಟ್ಟಣಕ್ಕೆ ಹೋದೆವು. ಅಲ್ಲಿ ಬಲೆ, ಗಾಳ ಮಾರುವ ಒಬ್ಬ ಸಾಬರ ಅಂಗಡಿ ಇದೆ. ಕೈಯ ವಿಷಯ ಕೇಳಿ ಅವರು ನೆಲದ ಮೇಲೆ ಪೇಪರ್ ಹಾಸಿದರು. "ಅಕ್ಕಾ, ದೋಣೀಲಿ ಎಂಗೆ ಕೂರ್ತೀರೋ ಅಂಗೇ ಕುಂತ್ಕಳಿ. ನಿಂತ್ಕಂಡ್ ನೋಡಿದ್ರೆ ಎಲ್ಲಾ ಕೋಲೂ ಚೆನ್ನಾಗೇ ಕಾಣ್ತವೆ."

ಅವಳು ಕಾಲು ಚಾಚಿ ಕೂತಳು. ಸಾಬರು ದಾರದ ತುದಿ ಹಿಡಿದು ರಸ್ತೆಗಿಳಿದರು. "ನಾನೇ ಮೀನು ಅನ್ಕಳಿ!" ಎಂದು ಜಗ್ಗಿದರು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ನನಗೆ ನಾಚಿಕೆಯಾಯಿತು, ಅವಳಿಗೆ ಆಗಲಿಲ್ಲ.

ನನ್ನ ಕಣ್ಣು ಕಪ್ಪಗೆ ಹೊಳೆಯುವ ಒಂದು ಕಾರ್ಬನ್ ಕೋಲಿನ ಮೇಲಿತ್ತು. ಹಗುರ ನಿಜ, ಆದರೆ ಬಿರುಸು. ಸಾಬರು ಜಗ್ಗಿದ್ದೆಲ್ಲ ನೇರವಾಗಿ ಮಣಿಕಟ್ಟಿಗೇ ಬಡಿಯಿತು. "ದೋಣಿ ಓಗ್ತಿರ್ತದೆ, ಮೀನು ಇಂದಕ್ಕೆ ಎಳೀತದೆ. ತುದಿ ಬಾಗ್ದಿದ್ರೆ ಅದರ ಬಾಯೇ ಅರ್ದೋಯ್ತದೆ" ಎಂದು ಅವರೇ ಅದನ್ನು ತೆಗೆದಿಟ್ಟರು. ಆಮೇಲೆ ಐದಡಿಯದು. ಕೈಗೆ ಸುಖವಾಗಿತ್ತು. ಅದಕ್ಕೂ ಅವರು ಬೇಡವೆಂದು ತಲೆಯಾಡಿಸಿದರು: "ಮೀನು ದೋಣಿ ಕೆಳಿಕ್ ನುಗ್ಗಿದ್ರೆ ಕೋಲಿನ ತುದಿ ದೋಣೀನ ಸುತ್ಕಂಡು ಆ ಕಡಿಕ್ ಓಗ್ಬೇಕಲ್ಲ ಅಕ್ಕಾ? ಇದು ಎಟುಕಲ್ಲ."

ಕೊನೆಗೆ ಬಂದದ್ದು ಆರೂವರೆ ಅಡಿಯ, ಮಾಸಲು ಹಸಿರು ಬಣ್ಣದ ಫೈಬರ್ ಕೋಲು. ತುದಿ ಮೆತ್ತಗೆ, ಬುಡ ಗಟ್ಟಿ, ಹಿಡಿ ಗಿಡ್ಡ. ಹಿಡಿಯನ್ನು ಮೊಣಕೈಗೆ ಆನಿಸಿಕೊಂಡರೆ ಭಾರವನ್ನು ಮಣಿಕಟ್ಟಿನ ಬದಲು ತೋಳು ಹೊರುತ್ತಿತ್ತು. ಸಾಬರು ಎಷ್ಟು ಜಗ್ಗಿದರೂ ಅವಳು ಮುಖ ಕಿವುಚಲಿಲ್ಲ. "ಇದೇ" ಎಂದಳು. ನೋಡಲು ಏನೂ ಚೆಂದವಿಲ್ಲ ಎಂದೆ. "ನೋಡೋಕೆ ತಗತೀವಾ?" ಎಂದು ಎದ್ದು ಸೀರೆ ಕೊಡವಿಕೊಂಡಳು.

ಆಮೇಲೆ ಎರಡು ಭಾನುವಾರ ಏನೂ ಬೀಳಲಿಲ್ಲ. ಆದರೆ ಹಿಂದಿನ ಸೀಟಿನಿಂದ ಅವಳ ವರದಿ ಬರುತ್ತಿತ್ತು. ಪ್ಲಾಸ್ಟಿಕ್ ಮೀನು ಸರಿಯಾಗಿ ಈಜುತ್ತಿದ್ದರೆ ಕೋಲಿನ ತುದಿ ಸಣ್ಣಗೆ ನಡುಗುತ್ತದೆ, ಪಾಚಿ ಸಿಕ್ಕಿಕೊಂಡರೆ ನಿಂತುಬಿಡುತ್ತದೆ. ಬಟ್ಟೆಯಲ್ಲಿ ಒಂದು ಎಳೆ ತಪ್ಪಿದ್ದನ್ನು ಬೆರಳಲ್ಲೇ ಕಂಡುಹಿಡಿಯುವವಳಿಗೆ ಅದೇನು ಕಷ್ಟ? ಅವಳ ಜಾಗದಲ್ಲಿ ನಾನು ಇದ್ದಿದ್ದರೆ ಅರ್ಧ ದಿನ ಪಾಚಿ ಎಳೆದುಕೊಂಡು ತಿರುಗುತ್ತಿದ್ದೆ.

ಮೂರನೆಯ ವಾರ ತೂಬಿನ ಹತ್ತಿರ ರೀಲು ಕಿರುಗುಟ್ಟಿತು. ನಾನು ತಿರುಗಲು ಹೋದೆ.

"ತಿರುಗ್ಬ್ಯಾಡಿ! ಉಟ್ಟಾಕಿ, ನಿಲ್ಲಿಸ್ಬ್ಯಾಡಿ!"

ಹಾಕಿದೆ. ದೋಣಿ ಒಮ್ಮೆ ಎಡಕ್ಕೆ ವಾಲಿತು. ಮೀನು ಕೆಳಗೆ ನುಗ್ಗಿರಬೇಕು. ಅವಳು ಕೋಲನ್ನು ದೋಣಿಯ ಹಿಂಬದಿಯಿಂದ ಸುತ್ತಿಸಿ ಆ ಕಡೆಗೆ ತಂದಳೆಂದು ಆಮೇಲೆ ತಿಳಿಯಿತು. ಅವಳ ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು. ಬಹಳ ಹೊತ್ತಾದ ಮೇಲೆ, "ಈಗ ನಿಲ್ಲಿಸಿ" ಎಂದಳು. ತಿರುಗಿದಾಗ ಮೀನೆತ್ತುವ ಪುಟ್ಟ ಕೈಬಲೆಯಲ್ಲಿ ತೋಳಿನಷ್ಟು ಉದ್ದದ ಬಾಳೆಮೀನು ಬಾಲ ಬಡಿಯುತ್ತಿತ್ತು. ಅವಳು ಅಳುತ್ತಿದ್ದಳು. ಕೈ ನೋಯುತ್ತಿದೆಯಾ ಎಂದು ಕೇಳಿದೆ. "ಇಲ್ಲ, ತಡೀತು" ಎಂದಳು.

ಮಧ್ಯಾಹ್ನ ಮುದ್ದೆಯ ಜೊತೆ ಅದೇ ಮೀನಿನ ಸಾರು ಮಾಡಿದೆವು. ಅರ್ಧವನ್ನು ಗುತ್ತಿಗೆದಾರರ ಮನೆಗೆ ಕೊಟ್ಟೆವು. ಅವರ ಹೆಂಡತಿ ಅಂದೇ ಇವಳನ್ನು ಮಾತಾಡಿಸಿ, ವಾರದ ನಡುವೆ ತಮ್ಮ ತೆಪ್ಪದಲ್ಲೂ ಬರಲು ಕರೆದರು. ಈಗ ನಾನು ಸ್ಕೂಲಿನಲ್ಲಿರುವಾಗ ಇವಳು ಕೋಲು ಹಿಡಿದು ಹೊರಟಿರುತ್ತಾಳೆ. ಏನು ಬಿತ್ತು ಎಂಬುದು ನನಗೆ ಗೊತ್ತಾಗುವುದು ಸಂಜೆ ಊಟಕ್ಕೆ ಕೂತಾಗ.