ಅತ್ತೆ ಮಾರದ ಕೂದಲು

ಗೆಳತಿಯರೇ, ಇವತ್ತು ಗಡಿಯಾಚೆ ನೇಸರಿ ಊರಿನ ನಮ್ಮ ಮನೆಗೆ ಕೂದಲು ಕೊಳ್ಳುವ ಹೆಂಗಸು ಬಂದಿದ್ದಳು. ಬಾಚಿದಾಗ ಉದುರಿದ್ದನ್ನು ಕೂಡಿಟ್ಟು ಕೊಟ್ಟರೆ ಸ್ಟೀಲ್ ಡಬ್ಬಿ ಕೊಡುತ್ತಾಳೆ. ಅತ್ತೆ ಗೂಡಿನಿಂದ ತಮ್ಮ ಚೀಲ ತಂದು, "ಈ ಸಲ ದೊಡ್ಡ ಡಬ್ಬಿನ ಬೇಕ ನೋಡವಾ," ಎಂದರು. ವರ್ಷಕ್ಕೊಮ್ಮೆ ತುಂಬುವ ಚೀಲ ಎರಡೇ ತಿಂಗಳಲ್ಲಿ ಉಬ್ಬಿತ್ತು. ನಾನು ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡೆ.

ಕೂದಲು ಕೊಳ್ಳುವವಳು ಚೀಲದಿಂದ ಒಂದು ಹಿಡಿ ಎಳೆದು ಬೆಳಕಿಗೆ ಹಿಡಿದಳು. "ಆಯೀ, ನಿಮ್ಮ ತಲಿ ಬೆಳ್ಳಗ ಐತಿ. ಇವು ಪೂರಾ ಕರಿ ಅದಾವ. ಯಾರವು?"

ಅತ್ತೆ ನನ್ನ ಕಡೆ ತಿರುಗಿದರು. "ಸೆರಗ ತಗಿ."

"ದಿನಾ ನಾಕ ಕೂದಲ ಎಲ್ಲಾರ್ದೂ ಉದರ್ತಾವ್ರಿ, ಅತ್ತಿ."

"ತಗಿ ಅಂದ್ರ ತಗಿ!"

ತೆಗೆದೆ. ಬೈತಲೆ ಎರಡು ಬೆರಳಗಲ ಆಗಿತ್ತು. ನಾಲ್ಕು ತಿಂಗಳ ಹಿಂದೆ ಡೆಂಗಿ ಜ್ವರದಲ್ಲಿ ಮಲಗಿದ್ದೆ. ಆಮೇಲೆ ಬಾಚಣಿಗೆಗೆ ಮುಷ್ಟಿಗಟ್ಟಲೆ ಬರುತ್ತಿದ್ದದ್ದನ್ನು ಯಾರಿಗೂ ಹೇಳದೆ ಅತ್ತೆಯ ಚೀಲಕ್ಕೇ ತುರುಕುತ್ತಿದ್ದೆ.

ಆಕೆ ದೊಡ್ಡ ಡಬ್ಬಿಯನ್ನೇ ಮುಂದಿಟ್ಟಳು. ಕರಿ ಕೂದಲಿಗೆ ಬೆಲೆ ಹೆಚ್ಚು. ಅತ್ತೆ ಅದನ್ನು ಹಿಂದಕ್ಕೆ ದಬ್ಬಿ ಚೀಲವನ್ನು ಎದೆಗೊತ್ತಿಕೊಂಡರು. "ನಕೋ. ಇದನ್ನ ಮಾರಂಗಿಲ್ಲ. ನಾಳಿ ಗಡಹಿಂಗ್ಲಜಕ್ಕ ಒಯ್ದು ಡಾಕ್ಟರಗ ತೋರಸ್ತೇನಿ." ಆಮೇಲೆ ನನಗೆ, "ಜ್ವರದಾಗ ಗಂಜಿ ಕುಡಸಾಕ ನಾ ಬೇಕಾಗಿದ್ನಿ. ಇದನ್ನ ಹೇಳಾಕ ಬ್ಯಾಡಾದ್ನೇನ?"



ಇಲ್ಲಿನ ಸರಕಾರಿ ಎಸ್ಟಿ ಬಸ್ಸಿನಲ್ಲಿ ಹೆಂಗಸರೆಂದು ನಮ್ಮಿಬ್ಬರಿಗೂ ಅರ್ಧ ಟಿಕೀಟು. ಚೀಲದೊಳಗೆ ಅತ್ತೆಯ ತೊಡೆಯ ಮೇಲೆ ಕೂತು ಬರುವ ನನ್ನ ಅರ್ಧ ತಲೆಗೆ ನಾಳೆ ಕಂಡಕ್ಟರ್ ಎಷ್ಟು ಕೇಳುತ್ತಾನೋ ನೋಡಬೇಕು.