ಏಳಕ್ಕೆ ನಿಂತ ಸೂಜಿ

ಸತ್ತವರು ಮನೆಯೊಳಗೆ ಓಡಾಡುತ್ತಾರೆ, ಕನಸಿನಲ್ಲಿ ಬಂದು ನೀರು ಕೇಳುತ್ತಾರೆ ಎಂದು ನಮ್ಮ ಓಣಿಯ ಹೆಂಗಸರು ಮಾತಾಡುವಾಗ ನಾನು ಎದ್ದು ಮಗ್ಗದ ಹತ್ತಿರ ಹೋಗಿಬಿಡುತ್ತಿದ್ದೆ. ತಮ್ಮ ತೀರಿಕೊಂಡ ಮೇಲೂ ಹಾಗೆಯೇ ಇದ್ದೆ. ಅವನು ಒಮ್ಮೆ ಬರಲಿ ಎಂದು ಎಷ್ಟು ಆಸೆಪಟ್ಟರೂ ಬರಲಿಲ್ಲ. ಆದ್ದರಿಂದ ಯಾರೂ ಬರುವುದಿಲ್ಲ ಎಂದು ತೀರ್ಮಾನಿಸಿದ್ದೆ. ಈಗ ಬರೆಯುತ್ತಿರುವುದನ್ನು ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ಇದರಲ್ಲಿ ನಾನು ಮಾಡಿದ ಒಂದು ಕೆಟ್ಟ ಕೆಲಸವೂ ಇದೆ. ಅದನ್ನೂ ಮುಚ್ಚಿಡುವುದಿಲ್ಲ.

ನಮ್ಮದು ಮೊಳಕಾಲ್ಮೂರಿನ ನೇಕಾರರ ಮನೆ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ತಮ್ಮ ಓಬಳೇಶ ಮಾತ್ರ ಮಗ್ಗಕ್ಕೆ ಕೂರದೆ ಬಿ.ಎಸ್ಸಿ. ಓದಿ, ಚಳ್ಳಕೆರೆಯ ಹೊರಗೆ ಹುಣಸೆಬೀಜದ ಪುಡಿ ಮಾಡುವ ಒಂದು ಸಣ್ಣ ಕಾರ್ಖಾನೆಯ ಲ್ಯಾಬಿಗೆ ಸೇರಿದ. ನೂಲಿಗೆ ಹಾಕುವ ಗಂಜಿಗಾಗಿ ಬಟ್ಟೆ ಗಿರಣಿಯವರು ಆ ಪುಡಿ ಕೊಳ್ಳುತ್ತಾರೆ. ಗಂಜಿ ಎಷ್ಟು ಮಂದವಾಗಿದೆ ಎಂದು ಅಳೆಯಲು ವಿಸ್ಕೋಮೀಟರ್ ಎಂಬ ಯಂತ್ರವಿದೆ. ಗಂಜಿಯೊಳಗೆ ಒಂದು ಕಡ್ಡಿ ತಿರುಗುತ್ತದೆ, ಮೇಲೆ ಗಡಿಯಾರದಂಥ ಮುಖದಲ್ಲಿ ಸೂಜಿ ಅಂಕಿ ತೋರಿಸುತ್ತದೆ. ದಿನಾ ಬೆಳಿಗ್ಗೆ ಮೊದಲು ಆ ಯಂತ್ರವೇ ಸರಿಯಿದೆಯೇ ಎಂದು ನೋಡಬೇಕು. ಕಡ್ಡಿಯನ್ನು ಬೆರಳಲ್ಲಿ ತುಸು ತಿರುಗಿಸಿ ಬಿಟ್ಟರೆ ಸೂಜಿ ತೂಗಾಡಿ ಸೊನ್ನೆಗೆ ಬಂದು ನಿಲ್ಲಬೇಕು. ಆಮೇಲೆ, ಮಂದ ಎಷ್ಟೆಂದು ಸೀಸೆಯ ಮೇಲೆಯೇ ಬರೆದಿರುವ ಒಂದು ಎಣ್ಣೆಯಲ್ಲಿ ಅಳೆದು, ಅದೇ ಅಂಕಿ ಬರುತ್ತದೆಯೇ ಎಂದು ನೋಡಬೇಕು.

ಓಬಳೇಶ ಕಿರುಬೆರಳಲ್ಲಿ ಕಡ್ಡಿ ತಿರುಗಿಸಿ, ಸೂಜಿ ನಿಲ್ಲುವವರೆಗೆ "ಒಕಟಿ, ರೆಂಡು, ಮೂಡು" ಎಂದು ಎಣಿಸುತ್ತಿದ್ದ. ಲ್ಯಾಬಿನ ಮೇಲ್ವಿಚಾರಕರಾದ ತಿಪ್ಪೇಸ್ವಾಮಿಯವರು ಚಳ್ಳಕೆರೆಯ ಕಡೆಯವರು, ತೆಲುಗು ಬಾರದು. "ಲೇ, ಮಿಷನ್ನಿಗೆ ತೆಲುಗು ತಿಳಿಯಲ್ಲ ಕಣಲೇ, ಕನ್ನಡದಾಗೆ ಹೇಳು, ಬರ್ತೈತೆ ಸೊನ್ನೆಗೆ" ಎಂದು ರೇಗಿಸುತ್ತಿದ್ದರಂತೆ. ತಮ್ಮನೇ ಮನೆಗೆ ಬಂದು ಹೇಳಿ ನಗುತ್ತಿದ್ದ.

ಒಂದು ಸಂಜೆ ತಿಪ್ಪೇಸ್ವಾಮಿಯವರ ಕೈತಾಗಿ ಯಂತ್ರ ಉರುಳಿಬಿತ್ತು. ಮರುದಿನ ಸೂಜಿ ಸೊನ್ನೆಗೆ ಬಾರದೆ ಏಳಕ್ಕೆ ನಿಂತಿತು. ತಮ್ಮ ಅದನ್ನು ಪರೀಕ್ಷೆಯ ಪುಸ್ತಕದಲ್ಲಿ ಬರೆದ. ಲಾರಿ ಕಾಯುತ್ತಿದೆ, ಮೊದಲು ಸರಕು ಕಳಿಸು ಎಂದು ಅವರು ಗದರಿದರು. ಕೆಲವು ದಿನಗಳಲ್ಲಿ, ಗಂಜಿಯ ಮಂದ ಹೇಳಿದಷ್ಟಿಲ್ಲ ಎಂದು ಸರಕು ತಿರುಗಿ ಬಂತು. ಅಷ್ಟರಲ್ಲಿ ಯಂತ್ರ ಸದ್ದಿಲ್ಲದೆ ರಿಪೇರಿಯಾಗಿತ್ತು, ಪುಸ್ತಕದಲ್ಲಿ ಆ ಹಾಳೆ ಇರಲಿಲ್ಲ. ಹುಡುಗ ಯಂತ್ರ ನೋಡದೆಯೇ ಅಳೆದಿದ್ದಾನೆ ಎಂದು ತಿಪ್ಪೇಸ್ವಾಮಿಯವರು ಮಾಲೀಕರಿಗೆ ಹೇಳಿದರು, ತಮ್ಮನನ್ನು ತೆಗೆದರು. ಬೇರೆ ಕೆಲಸಕ್ಕೆ ಅನುಭವದ ಪತ್ರ ಬೇಕಿತ್ತು. ಅದಕ್ಕಾಗಿ ಮೂರು ಸಲ ಹೋದ. ಮೂರನೆಯ ಸಲ ಸಂಜೆಯವರೆಗೆ ಹೊರಗೆ ಕೂರಿಸಿ ಬರಿಗೈಯಲ್ಲಿ ಕಳಿಸಿದರು. ಬರುವಾಗ ಬಿ.ಜಿ. ಕೆರೆಯ ಹತ್ತಿರ ಅವನ ಬೈಕಿಗೆ ಲಾರಿ ಬಡಿಯಿತು.

ಮೂರು ತಿಂಗಳ ಮೇಲೆ ಮಾಲೀಕರು ಕನಿಕರಪಟ್ಟು ಅದೇ ಲ್ಯಾಬಿನಲ್ಲಿ ನನಗೆ ಸಹಾಯಕಿಯ ಕೆಲಸ ಕೊಟ್ಟರು. ಪಿಯುಸಿ ಓದಿದವಳಿಗೆ ಅದೇ ಹೆಚ್ಚು ಎಂದರು ಜನ. ನಾನು ಹೋದದ್ದು ಸೇಡಿಗೆ. ತಿಪ್ಪೇಸ್ವಾಮಿಯವರಿಗೆ ದಿನಾ ಚಹಾ ತಂದುಕೊಡುತ್ತಿದ್ದೆ, ಸಾರ್ ಎನ್ನುತ್ತಿದ್ದೆ, ಅವರ ಕತ್ತು ನೋಡುತ್ತಾ ನಿಲ್ಲುತ್ತಿದ್ದೆ. ತಮ್ಮನ ನೋಟುಪುಸ್ತಕ ಓದಿ ಕೆಲಸವನ್ನೆಲ್ಲ ಕಲಿತೆ.

ಎಂಟು ತಿಂಗಳಿಗೆ ನನ್ನ ದಿನ ಬಂತು. ಪುಡಿ ಕೊಳ್ಳುವ ಗಿರಣಿಯ ಕಡೆಯವರೊಬ್ಬರು ಬರುವವರಿದ್ದರು. ಅವರೆದುರು, ಮಾಲೀಕರೆದುರು ತಿಪ್ಪೇಸ್ವಾಮಿಯವರೇ ಯಂತ್ರದ ಪರೀಕ್ಷೆ ಮಾಡಿ ತೋರಿಸಬೇಕಿತ್ತು. ಹಿಂದಿನ ಸಂಜೆ ಎಲ್ಲರೂ ಹೋದ ಮೇಲೆ ನಾನು ಯಂತ್ರವನ್ನು ಅಡ್ಡಕ್ಕೆ ಕೆಡವಿದೆ. ಎತ್ತಿ ನಿಲ್ಲಿಸಿ ಕಡ್ಡಿ ತಿರುಗಿಸಿದೆ. ಸೂಜಿ ಏಳಕ್ಕೆ ನಿಂತಿತು. ಇಂಥ ಅಂಕಿಗೇ ನಿಲ್ಲಲಿ ಎಂದು ಯಾರೂ ಕೆಡವಲಾರರು. ನಾಲ್ಕು ಸಲ ನೋಡಿದೆ, ನಾಲ್ಕು ಸಲವೂ ಏಳು. ಖುಷಿಯಾಯಿತು. ತಮ್ಮ ಹೋದಮೇಲೆ ಅಂದು ರಾತ್ರಿಯೇ ನಾನು ಹೊಟ್ಟೆತುಂಬ ಉಂಡದ್ದು.

ಬೆಳಿಗ್ಗೆ ತಿಪ್ಪೇಸ್ವಾಮಿಯವರು ಪುಸ್ತಕ ಮುಂದಿಟ್ಟು, "ಸೂಜಿ ಸೊನ್ನೆಗೆ ಐತೆ ಅಂತ ಬರ್ದು ಸಹಿ ಹಾಕಮ್ಮ, ಅವ್ರು ಬಂದ್ಮೇಲೆ ಹೊತ್ತಿರಲ್ಲ" ಎಂದರು. ಹಾಕಿದೆ. ಅವರು ಎಲ್ಲರೆದುರು ಸಿಕ್ಕಿಬೀಳುವುದೊಂದನ್ನು ಬಿಟ್ಟು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಹನ್ನೊಂದಕ್ಕೆ ಎಲ್ಲರೂ ಸುತ್ತ ನಿಂತರು. ನಾನು ಬಾಗಿಲ ಹತ್ತಿರವಿದ್ದೆ. ತಿಪ್ಪೇಸ್ವಾಮಿಯವರು ಯಾವಾಗಲೂ ಹೆಬ್ಬೆರಳು ತೋರುಬೆರಳಲ್ಲಿ ಹಿಡಿಯುವವರು, ಆ ದಿನ ಕಿರುಬೆರಳು ಚಾಚಿದರು. ಕಡ್ಡಿ ತಿರುಗಿತು. ಆಗ ಅವರ ಬಾಯಿಂದ, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ, "ಒಕಟಿ, ರೆಂಡು, ಮೂಡು" ಎಂದು ಬಂತು. ಅಷ್ಟು ದೂರದಲ್ಲಿದ್ದ ನನಗೆ ಅದು ಹೇಗೆ ಕೇಳಿತೋ ಗೊತ್ತಿಲ್ಲ. ಸೂಜಿ ತೂಗಾಡಿತು, ಏಳನ್ನು ದಾಟಿತು, ಸೊನ್ನೆಗೆ ಬಂದು ನಿಂತಿತು. ಎಣ್ಣೆಯಲ್ಲಿ ಅಳೆದಾಗ ಸೀಸೆಯ ಮೇಲಿನ ಅಂಕಿಯೇ ಬಂತು. ಮೂರು ಸಲ ಮಾಡಿದರು, ಮೂರು ಸಲವೂ ಸರಿ. ಬಂದವರು ತಲೆದೂಗಿದರು.

ಅವರೆಲ್ಲ ಊಟಕ್ಕೆ ಹೊರಡುವಾಗ ನಾನು ತಡೆಯಲಾರದೆ, ತೆಲುಗಿನಲ್ಲಿ ಎಣಿಸಿದಿರಲ್ಲ ಎಂದು ತಿಪ್ಪೇಸ್ವಾಮಿಯವರನ್ನು ಕೇಳಿದೆ.

"ತೆಲುಗಾ? ನಂಗೆಲ್ಲಿ ಬರ್ತೈತಮ್ಮ" ಎಂದರು. "ನಾನು ಬಾಯೇ ಬಿಟ್ಟಿಲ್ಲ."

ಒಬ್ಬಳೇ ಆದಾಗ ಕಡ್ಡಿ ತಿರುಗಿಸಿದೆ. ಏಳು. ಮತ್ತೆ ತಿರುಗಿಸಿದೆ. ಏಳು. ಎಣ್ಣೆಯ ಅಂಕಿಯೂ ತಪ್ಪು. ಯಂತ್ರದ ಮುಂದೆ ಕೂತು ತಮ್ಮನನ್ನು ಬಾಯಿಗೆ ಬಂದಂತೆ ಬೈದೆ. ನಿನ್ನನ್ನು ಬೀದಿಗೆ ತಳ್ಳಿದವನಿಗೆ ನಿನ್ನ ಕೈ ಕೊಟ್ಟೆಯಾ ಎಂದು ಕೇಳಿದೆ. ಆಗ ಪಕ್ಕದಲ್ಲಿ ತೆರೆದಿದ್ದ ಪುಸ್ತಕ ಕಣ್ಣಿಗೆ ಬಿತ್ತು. ಸೂಜಿ ಸೊನ್ನೆಗಿದೆ, ಕೆಳಗೆ ನನ್ನ ಸಹಿ. ಎಲ್ಲರ ಎದುರು ಸೂಜಿ ಏಳಕ್ಕೆ ನಿಂತಿದ್ದರೆ ಆ ಪುಸ್ತಕ ತಿಪ್ಪೇಸ್ವಾಮಿಯವರನ್ನು ಹಿಡಿಯುತ್ತಿರಲಿಲ್ಲ, ನನ್ನನ್ನು ಹಿಡಿಯುತ್ತಿತ್ತು. ತಮ್ಮನನ್ನು ಹಿಡಿದ ಹಾಗೆಯೇ.

ಆಮೇಲೆ ಆ ಸಹಿಯ ಕೆಳಗೆ ಬರೆದೆ: ಯಂತ್ರ ನಿನ್ನೆ ಸಂಜೆ ನನ್ನ ಕೈಯಿಂದ ಬಿದ್ದಿದೆ, ಸೂಜಿ ಏಳಕ್ಕೆ ನಿಲ್ಲುತ್ತಿದೆ, ರಿಪೇರಿಯಾಗುವವರೆಗೆ ಸರಕು ಕಳಿಸಬಾರದು. ಒಳ್ಳೆಯತನದಿಂದ ಬರೆದದ್ದಲ್ಲ. ಅಂದು ತಿಪ್ಪೇಸ್ವಾಮಿಯವರು ಬರೆಯದೆ ಹೋದ ಮಾತು ಅವರಿಗೆ ಚುಚ್ಚಲಿ ಎಂದೇ ಬರೆದೆ.

ಮರುದಿನ ತಿಪ್ಪೇಸ್ವಾಮಿಯವರು ಅದನ್ನು ಎರಡು ಸಲ ಓದಿದರು. "ಇದನ್ನ ಯಾಕಮ್ಮ ಬರೆಯಾಕೆ ಹೋದಿ? ಕೆಲ್ಸ ಹೋಗ್ತೈತೆ."

"ಬಿದ್ದದ್ದು ಬಿತ್ತು ಅಂತ ಬರೀಬೇಕಲ್ವ ಸಾರ್. ನಮ್ಮ ಓಬಳೇಶ ಬರೀತಿದ್ದ."

ಅವರ ಕೈ ಹಾಳೆಯ ಅಂಚಿಗೆ ಹೋಯಿತು. ಹರಿಯುತ್ತಾರೆ ಎಂದುಕೊಂಡೆ. ಹರಿಯಲಿಲ್ಲ. ಪುಸ್ತಕ ಮುಚ್ಚಿ ಹೊರಗೆ ಹೋದರು. ಆ ದಿನದಿಂದ ಅವರು ಯಂತ್ರ ಮುಟ್ಟಿಲ್ಲ, ನನ್ನ ಕೈಯ ಚಹಾ ಕುಡಿದಿಲ್ಲ. ನನ್ನ ಕೆಲಸ ಹೋಗಲಿಲ್ಲ.

ಅವರನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವ ಮನಸ್ಸೂ ಇಲ್ಲ. ತಮ್ಮ ಕಾಪಾಡಿದ್ದು ಅವರನ್ನೋ ನನ್ನನ್ನೋ, ಅಥವಾ ಅಲ್ಲಿ ತಮ್ಮನೇ ಇರಲಿಲ್ಲವೋ, ಹೇಳಲಾರೆ. ಯಂತ್ರ ರಿಪೇರಿಯಾಗಿ ಬಂದಿದೆ. ಬೆಳಿಗ್ಗೆ ಕಡ್ಡಿ ತಿರುಗಿಸಿದಾಗ ನಾನು ಎಣಿಸುವುದಿಲ್ಲ. ಸೂಜಿ ನಿಲ್ಲುವವರೆಗೆ ಕಿವಿಗೊಟ್ಟು ನಿಂತಿರುತ್ತೇನೆ. ಆ ಎಣಿಕೆ ಇನ್ನೊಮ್ಮೆ ಕೇಳಿಲ್ಲ.