ಸೋಲಾರ್ ಕುಕ್ಕರಿಗೆ ಕರಿ ಕಂಬಳಿ

ಬಳ್ಳಾರಿಯ ಬಿಸಿಲಿಗೆ ಕಂಬಳಿ ಹೊದಿಸಿದವರನ್ನು ನೀವು ಕಂಡಿದ್ದೀರಾ? ನಾನು ಹೋದ ಭಾನುವಾರ ಕಂಡು ಬಂದೆ. ಬೇರೆ ಯಾರೂ ಅಲ್ಲ, ನನ್ನ ತಂಗಿಯ ಮನೆಯವರೇ.

ತಂಗಿ ನೀಲಮ್ಮ ಇರುವುದು ಕುರುಗೋಡಿನ ಹತ್ತಿರದ ಬಾದನಹಟ್ಟಿಯಲ್ಲಿ. ಹತ್ತಿಕಟ್ಟಿಗೆಯ ಒಲೆ ಊದಿ ಊದಿ ಅವಳ ಎದೆ ಹಾಳಾಗಿದೆ. ನಾಲ್ಕು ಮಾತಾಡಿದರೆ ಎರಡು ಸಲ ಕೆಮ್ಮು. "ಮಾತ್ರೆ ಆಮೇಲೆ, ಮೊದಲು ಹೊಗೆ ಬಿಡಿಸಿ" ಎಂದರು ಡಾಕ್ಟರು. (ವಾರ್ಡುಗಳಲ್ಲೇ ನೌಕರಿ ಮುಗಿಸಿದ ನರ್ಸ್ ನಾನು. ಇಂಥ ಎದೆಗಳು ಕೊನೆಗೆ ಏನಾಗುತ್ತವೆಂದು ಯಾರೂ ನನಗೆ ಹೇಳಬೇಕಿಲ್ಲ.)

ಬಿಡಿಸುವುದು ಹೇಗೆ? ಗ್ಯಾಸ್ ಆ ಊರಿಗಿನ್ನೂ ಬಂದಿಲ್ಲ. ಸಿರುಗುಪ್ಪದಲ್ಲಿ ಸರ್ಕಾರದವರು ಸೋಲಾರ್ ಕುಕ್ಕರ್ ತೋರಿಸುತ್ತಿದ್ದಾರೆಂದು ಕೇಳಿ ಬಸ್ಸು ಹತ್ತಿದೆ. ಸೂಟ್‌ಕೇಸಿನಂಥ ಪೆಟ್ಟಿಗೆ. ಮೇಲೆ ಗಾಜು, ಮುಚ್ಚಳದ ಒಳಗೆ ಕನ್ನಡಿ. ಕನ್ನಡಿ ಬಿಸಿಲನ್ನು ಒಳಗೆ ತಳ್ಳುತ್ತದೆ, ಕಪ್ಪು ಡಬ್ಬಿಗಳಲ್ಲಿ ಅನ್ನ, ಬೇಳೆ ತಾವೇ ಬೇಯುತ್ತವೆ. ಬೆಂಕಿಯಿಲ್ಲ, ಹೊಗೆಯಿಲ್ಲ. ನಮ್ಮಲ್ಲಿ ಬಿಸಿಲಿಗೇನು ಕಡಿಮೆ?

ಸಬ್ಸಿಡಿಯಲ್ಲಿ ಒಂದನ್ನು ಕೊಂಡು ತಂಗಿಯ ಅಂಗಳದಲ್ಲಿ ಇಡಿಸಿದೆ. ಡಬ್ಬಿ ಇಡುವುದು ಯಾವಾಗ, ಕನ್ನಡಿ ತಿರುಗಿಸುವುದು ಯಾವ ಕಡೆ, ಎಲ್ಲವನ್ನೂ ವಾರ್ಡಿನ ಹೊಸ ಹುಡುಗಿಯರಿಗೆ ಹೇಳುವಂತೆ ಎರಡೆರಡು ಸಲ ಹೇಳಿ ಬಳ್ಳಾರಿಯ ಪಾರ್ವತಿನಗರದ ನನ್ನ ಮನೆಗೆ ಮರಳಿದೆ.

ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ಪೆಟ್ಟಿಗೆ ಬಿಸಿಲಲ್ಲೇ ಇದೆ. ಮೇಲೆ ಕರಿ ಕಂಬಳಿ!

"ಇದ್ಯಾಕ ಹೊಚ್ಚೀರಿ?" ಎಂದೆ.

ತಂಗಿಯ ಅತ್ತೆ ಬಾಗಿಲಿಗೆ ಬಂದರು. "ಮತ್ತೇನ್ ನರ್ಸವ್ವ, ಉಣ್ಣೋ ಅನ್ನಾನ ಬಯಲಾಗ ಇಟ್ರ ಹೋಗೋರು ಬರೋರ ಕಣ್ಣು ಬೀಳಂಗಿಲ್ಲೇನು? ಗಾಜಿನಾಗ ಎಲ್ಲಾ ಕಾಣತೈತಿ!"

"ಕಂಬಳಿ ಹೊಚ್ಚಿದ್ರ ಬಿಸಿಲು ಒಳಗ ಹೆಂಗ ಹೋಗ್ತೈತ್ರಿ ಅತ್ತಿ?"

"ಅದೇನೋ ಯವ್ವಾ. ಸಂಜಿತನಕ ಇಟ್ರೂ ಬ್ಯಾಳಿ ಕಲ್ಲು ಕಲ್ಲು! ಸರ್ಕಾರದ ಮಾಲು ಅಷ್ಟs."

ನಗಬೇಕೋ, ಅಳಬೇಕೋ? ವಾದಿಸಿ ಪ್ರಯೋಜನವಿಲ್ಲವೆಂದು ಬೀದಿಯ ಕಡೆಗೆ ಹಳೆಯ ಸೀರೆಯೊಂದನ್ನು ಮರೆ ಕಟ್ಟಿದೆ. ಕಂಬಳಿ ತೆಗೆದೆ. ಮಧ್ಯಾಹ್ನದ ಹೊತ್ತಿಗೆ ಬೇಳೆ ಬೆಣ್ಣೆಯಾಗಿತ್ತು.

ನೀಲಮ್ಮ ಡಬ್ಬಿಯ ಮುಚ್ಚಳ ತೆಗೆದು ಮಗುವಿನಂತೆ ನಕ್ಕಳು. "ಅಕ್ಕಾ, ಅಡಿಗಿ ಆತು, ಕಣ್ಣಾಗ ನೀರs ಬರ್ಲಿಲ್ಲ ನೋಡು!"

ಅಷ್ಟರಲ್ಲಿ ಅವಳ ಗಂಡ ಶರಣಪ್ಪ ಹೊಲದಿಂದ ಊಟಕ್ಕೆ ಬಂದ. ಬೇಳೆಯ ರುಚಿ ನೋಡಿದ. "ಭಾರಿ ಐತ್ರಿ ಅಕ್ಕಾರ! ಸೂರ್ಯಪ್ಪ ನಿಮ್ಮ ತಂಗಿಗಿಂತ ಚಲೋ ಅಡಿಗಿ ಮಾಡ್ತಾನ" ಎಂದು ಎಲ್ಲರನ್ನೂ ನಗಿಸಿದ. ಆಮೇಲೆ ತಟ್ಟೆ ನೋಡಿದ.

"ಲೇ ನೀಲಾ, ರೊಟ್ಟಿ ಎಲ್ಲಿ?"

"ಇವತ್ತೊಂದಿನ ಅನ್ನ ಉಣ್ಣಪ್ಪಾ" ಎಂದೆ.

"ಬರೀ ಅನ್ನ ಉಂಡು ಹೊಲ್ದಾಗ ಹೆಂಗ ದುಡೀಲ್ರಿ? ಹೊಟ್ಟಿ ನಿಂದರಂಗಿಲ್ಲ."

"ಒಣಗಿಸಿಟ್ಟ ಕಟಕ ರೊಟ್ಟಿ ಅದಾವಲ್ಲ?"

"ಅವು ಹಲ್ಲಿಗೆ ಶಿಕ್ಷಾ. ಬಿಸೀವು ಎರಡು ಬಡಿಯಾಕ ಎಷ್ಟೊತ್ರಿ?"

ಪೆಟ್ಟಿಗೆಯಲ್ಲಿ ಬೇಳೆ ಬೇಯುತ್ತದೆ, ರೊಟ್ಟಿ ಬೇಯುವುದಿಲ್ಲ. ರೊಟ್ಟಿಗೆ ಹಂಚು ಬೇಕು, ಹಂಚಿಗೆ ಉರಿ ಬೇಕು. ಗದ್ದೆಯೂರಾದ ಸಿರುಗುಪ್ಪದಲ್ಲಿ ಅನ್ನ ಬೇಯಿಸಿ ತೋರಿಸಿದವರಿಗೂ, ನೋಡಿ ಚಪ್ಪಾಳೆ ತಟ್ಟಿದ ನನಗೂ ಅದು ಹೊಳೆದಿರಲಿಲ್ಲ.

ನಾನು ಮಾತಾಡುವ ಮೊದಲೇ ನೀಲಮ್ಮ ಎದ್ದಿದ್ದಳು. ಒಳಗಿನಿಂದ ಊದುಗೊಳವೆಯ ಸದ್ದು. ಹೊಗೆ. ಕೆಮ್ಮು. ಮತ್ತೆ ಕೆಮ್ಮು. ಹೊರಗೆ ನೆತ್ತಿ ಸುಡುವ ಬಿಸಿಲು ಪುಕ್ಕಟೆ ಬಿದ್ದಿತ್ತು. ಶರಣಪ್ಪ ಕೆಟ್ಟವನಲ್ಲ. ಹೆಂಡತಿಯ ಔಷಧಿ ತರಲು ಬಳ್ಳಾರಿಗೆ ತಪ್ಪದೆ ಬರುತ್ತಾನೆ. ನನ್ನನ್ನು ಎದೆಗುಂದಿಸುವುದು ಅದೇ.

ಮುಂದೆ ದೀಪ, ಪಂಪು ಎಲ್ಲವೂ ಸೂರ್ಯನಿಂದಲೇ ನಡೆಯುತ್ತವೆ ಎಂದು ಪೇಪರಿನಲ್ಲಿ ಓದುತ್ತೇನೆ. ನಡೆಯಲಿ. ಆದರೆ ಗಂಡಸಿನ ತಟ್ಟೆಯಿಂದ ಎರಡು ಬಿಸಿ ರೊಟ್ಟಿ ಕಡಿಮೆ ಮಾಡುವ ಯಂತ್ರವನ್ನು ಯಾವ ಸರ್ಕಾರ ಸಬ್ಸಿಡಿಯಲ್ಲಿ ಕೊಡುತ್ತದೆ?